ರೈಲಿಗಿಂತ ಹಳೆಯ ರೈಲು ಸೇತುವೆ

ನಂಜನಗೂಡಿನಲ್ಲಿ ಕಪಿಲೆ (ಕಬಿನಿ) ನದಿ ಮೇಲಿರುವ ಹಳೇ ಸೇತುವೆಗೆ ‘ದೇಶದ ಅತಿ ಹಳೆಯ ರೈಲು ಸೇತುವೆ, 1735’ ಅನ್ನೋ ಬಿರುದಿದೆ. ಗೊಂದಲ ಶುರುವಾಗೋದೇ ಇಲ್ಲಿ. ದೇಶದಲ್ಲಿ ಮೊದಲ ಪ್ರಯಾಣಿಕರ ರೈಲು ಓಡಿದ್ದು 1853ರಲ್ಲಿ. ಸೇತುವೆ ಕಟ್ಟಿದ್ದು ಎತ್ತಿನ ಗಾಡಿಗೆ, ಕುದುರೆಗೆ, ನಂಜುಂಡೇಶ್ವರನ ದರ್ಶನಕ್ಕೆ ಹೊರಟವರಿಗೆ.

ಕಟ್ಟಿಸಿದವರು ಮೈಸೂರಿನ ದಳವಾಯಿ (ಸೇನಾಪತಿ) ದೇವರಾಜಯ್ಯ. ಗದ್ದುಗೆಯಲ್ಲಿದ್ದದ್ದು ಇಮ್ಮಡಿ ಕೃಷ್ಣರಾಜ ಒಡೆಯರ್, ಅಧಿಕಾರವೆಲ್ಲ ದಳವಾಯಿಗಳದ್ದು. ಸುಮಾರು 225 ಮೀಟರ್ ಉದ್ದ, ಸಾಲು ಕಮಾನು, ಇಟ್ಟಿಗೆ ಮತ್ತು ಸುಣ್ಣದ ಗಾರೆ ಕೆಲಸ. ಆಮೇಲೆ ಆಳಿದ್ದು ಹೈದರ್, ಟಿಪ್ಪು, ಮತ್ತೆ ಒಡೆಯರು, ಬ್ರಿಟಿಷ್ ಕಮಿಷನರುಗಳು, ಪುನಃ ಒಡೆಯರು.

1891ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ಮೀಟರ್ ಗೇಜ್ ರೈಲು ಬಂತು. ಆ ಶತಮಾನ ಮುಗಿಯುವಷ್ಟರಲ್ಲಿ ಹಳಿ ಇದೇ ಸೇತುವೆ ಏರಿ ಊರೊಳಕ್ಕೆ ದಾಟಿತು. 1926ಕ್ಕೆ ಚಾಮರಾಜನಗರ ಮುಟ್ಟಿತು. ಬೇರೆ ಉಕ್ಕಿನ ಸೇತುವೆ ಹಾಕುವ ಬದಲು ಇದ್ದದ್ದನ್ನೇ ಹಂಚಿಕೊಂಡರು. ಒಂದು ಮಗ್ಗುಲಿಗೆ ಹಳಿ, ಇನ್ನೊಂದು ಮಗ್ಗುಲಿಗೆ ರಸ್ತೆ. ಗಾಡಿ ಎತ್ತಿನ ಪಕ್ಕದಲ್ಲೇ ಇಂಜಿನ್! ಗಾಡಿಗೆ ಕಟ್ಟಿದ್ದು ರೈಲನ್ನು ಹೊತ್ತಿದ್ದು ಹೇಗೆ? ಉಕ್ಕಿನ ಜಾಲರಿ ಸೇತುವೆಯಲ್ಲಿ ಕೆಲವು ಪಟ್ಟಿಗಳು ಎಳೆತ ತಾಳುತ್ತವೆ, ಕೆಲವು ಒತ್ತಡ. ಕಮಾನಿನಲ್ಲಿ ಬಹುಪಾಲು ಒತ್ತಡವೇ. ಭಾರ ಬಿದ್ದಾಗ ಅದರ ತುಂಡುಗಳು ಒಂದನ್ನೊಂದು ಒತ್ತಿ ಬಿಗಿಯಾಗುತ್ತವೆ. ಆ ಒತ್ತಡ ಕಂಬಕ್ಕೆ, ಅಲ್ಲಿಂದ ನದಿ ತಳಕ್ಕೆ ಇಳಿಯುತ್ತದೆ. ಎಳೆತಕ್ಕೆ ಆಗದ ಗಾರೆ, ಒತ್ತಡಕ್ಕೆ ಜಗ್ಗುವುದಿಲ್ಲ.

ಬ್ರಾಡ್ ಗೇಜ್ ಬಂದಾಗ ಲೆಕ್ಕ ಬದಲಾಯಿತು. ಹಳಿಯ ಅಂತರ 1,000 ಮಿಲಿಮೀಟರ್ ಇದ್ದದ್ದು 1,676 ಆಯಿತು, ಬೋಗಿಯ ಭಾರವೂ ಜಾಸ್ತಿ. ರೈಲಿಗೆ ಬೇರೆ ಸೇತುವೆ, ಹೆದ್ದಾರಿಗೆ ಬೇರೆ. ಹಳೆಯದಕ್ಕೆ ಪಾರಂಪರಿಕ ಪಟ್ಟ.

ಪಟ್ಟ ಕಟ್ಟೋದು ಸುಲಭ, ಅಲ್ವಾ? ಗಾರೆ ಸಂದಿಯಲ್ಲಿ ಅರಳಿ ಸಸಿ ಎದ್ದರೆ ಬೇರು ದಪ್ಪವಾಗುವ ಮೊದಲೇ ಕೀಳಬೇಕು, ವರ್ಷವೂ ಕೀಳಬೇಕು. ಬಿರುಕಿಗೆ ಸುಮ್ನೆ ಸಿಮೆಂಟ್ ಮೆತ್ತಿದರೆ ಇನ್ನೂ ಕೆಡುಕು. ಗಾರೆ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ಒಳಗೇ ತಡೆಯುತ್ತದೆ; ಪಕ್ಕದ ಇಟ್ಟಿಗೆ ಪುಡಿಯಾಗುತ್ತಾ ಹೋಗುತ್ತದೆ. ಕಬ್ಬಿಣದ್ದಾಗಿದ್ದರೆ ಇಷ್ಟು ಹೊತ್ತಿಗೆ ಬಿಚ್ಚಿ ಗುಜರಿಗೆ ಹಾಕುತ್ತಿದ್ದರೇನೋ.

2018 ಮತ್ತು 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿದಾಗ ಮಲ್ಲನಮೂಲೆ ಮಠದ ಹತ್ತಿರ ಹೆದ್ದಾರಿಯೇ ಮುಳುಗಿ ವಾಹನ ನಿಂತಿದ್ದವು. ನದಿಯ ಮೇಲ್ಭಾಗದಲ್ಲಿ ಕಪಿಲೆಗೆ ಕಟ್ಟಿದ ಬೀಚನಹಳ್ಳಿ ಅಣೆಕಟ್ಟು ಮುಗಿದದ್ದು 1974ರಲ್ಲಿ. ಅದಕ್ಕೂ ಮುಂಚೆ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ, ತಡೆಯೇ ಇಲ್ಲದ ಮಳೆಗಾಲದ ನೀರು ಈ ಕಮಾನುಗಳ ಕೆಳಗೆ ಹಾದಿದೆ. ಗಟ್ಟಿತನ ಪರೀಕ್ಷಿಸಿ, ಗಾರೆ ಬಲ್ಲವರಿಂದಲೇ ರಿಪೇರಿ ಮಾಡಿಸಿದರೆ ದೊಡ್ಡ ಜಾತ್ರೆಗೆ ನಡೆದು ಬರುವವರಿಗಾದರೂ ಇದನ್ನು ಬಿಟ್ಟುಕೊಡಬಹುದು.