ಕಂಪನಿಯವರ ಹತ್ತಿರ ನಿಮ್ಮ ಪ್ರೋಗ್ರಾಂ ಇಲ್ಲ

ಬೆಳಗಾವಿಯ ಉದ್ಯಮಬಾಗದಲ್ಲಿ ಯಾವ ಶೆಡ್ಡಿಗೆ ಹೋದರೂ ಚಹಾಕ್ಕಿಂತ ಮೊದಲು ಪ್ರಶ್ನೆ ಬರುತ್ತದೆ: "ಸರ್, ಪಿಎಲ್‌ಸಿ ಯಾವುದು ಚಲೋ? ಸೀಮೆನ್ಸೋ, ಮಿತ್ಸುಬಿಷಿಯೋ, ಡೆಲ್ಟಾನೋ? ಯಾರ ಸಪೋರ್ಟ್ ಚಲೋ ಐತ್ರೀ?" ಪಿಎಲ್‌ಸಿ ಅಂದ್ರೆ ಪ್ರೋಗ್ರಾಂ ಪ್ರಕಾರ ಮಶೀನು ನಡೆಸುವ ಸಣ್ಣ ಕಂಪ್ಯೂಟರ್. ಮೊದಲನೆಯ ಪ್ರಶ್ನೆಗೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಸಣ್ಣ ಹೈಡ್ರಾಲಿಕ್ ಪ್ರೆಸ್ಸು, ಕನ್ವೇಯರ್, ಫೌಂಡ್ರಿಯ ಸ್ಯಾಂಡ್ ಮಿಕ್ಸರ್, ಇವಕ್ಕೆಲ್ಲ ಯಾವುದಾದರೂ ನಡೆಯುತ್ತದೆ. ಎರಡನೆಯದಕ್ಕೆ ಮಾತ್ರ ನಾನೇ ತಿರುಗಿ ಕೇಳುತ್ತೇನೆ: ಸಪೋರ್ಟ್ ಅಂದ್ರೆ ಏನು ಅಂತ ತಿಳಿದಿದ್ದೀರಿ?

ಬಹಳ ಜನ ತಿಳಿದಿರುವುದು ಇಷ್ಟು. ಪಿಎಲ್‌ಸಿ ಕೆಟ್ಟರೆ ಕಂಪನಿಗೆ ಫೋನ್ ಹಚ್ಚಬೇಕು, ಸೀರಿಯಲ್ ನಂಬರ್ ಹೇಳಬೇಕು, ಅವರು ನಮ್ಮ ಮಶೀನಿನ ಪ್ರೋಗ್ರಾಂ ಮೇಲ್ ಮಾಡುತ್ತಾರೆ.

ಮಾಡುವುದಿಲ್ಲ. ಯಾಕಂದ್ರೆ ಅದು ಅವರ ಹತ್ತಿರ ಇಲ್ಲವೇ ಇಲ್ಲ. ಕಂಪನಿ ಮಾರುವುದು ಖಾಲಿ ಪಿಎಲ್‌ಸಿ. ಒಳಗಿನ ಲ್ಯಾಡರ್, ಅಂದ್ರೆ ಮಶೀನು ನಡೆಸುವ ಪ್ರೋಗ್ರಾಂ, ಬರೆದವನು ಮಶೀನ್ ತಯಾರಿಸಿದವರ ಕಡೆಯ ಒಬ್ಬ ಹುಡುಗ. ಪುಣೆಯಲ್ಲೋ, ಕೊಯಮತ್ತೂರಿನಲ್ಲೋ, ರಾಜಕೋಟದಲ್ಲೋ ಕೂತು ಬರೆದ. ಆಮೇಲೆ ನಿಮ್ಮ ಶೆಡ್ಡಿಗೆ ಬಂದು ನಾಲ್ಕು ಟೈಮರ್ ತಿದ್ದಿ ಹೋದ. ತಿದ್ದಿದ್ದು ಅವನ ಲ್ಯಾಪ್‌ಟಾಪಿನಲ್ಲಿದೆ, ಅವನು ಆ ಕೆಲಸ ಬಿಟ್ಟು ಯಾವ ಕಾಲವಾಯಿತೋ. ಲೆಕ್ಕದ ವಹಿ ಮಾರಿದ ಅಂಗಡಿಯವನ ಹತ್ತಿರ ಹೋಗಿ "ನನ್ನ ಉದ್ರಿ ಎಷ್ಟು ಬರಬೇಕಿತ್ತು ಹೇಳಪ್ಪ" ಅಂದರೆ ಅವನಾದರೂ ಏನು ಹೇಳಬೇಕು?

ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆ. ಕಬ್ಬು ಅರೆಯುವ ಹಂಗಾಮು ಜೋರಾಗಿತ್ತು. ಒಂದು ಬ್ಯಾಚ್ ಸೆಂಟ್ರಿಫ್ಯೂಗಲ್‌ನ ಪಿಎಲ್‌ಸಿ ಸತ್ತಿತು. ಆ ಮಶೀನು ಪಾಕ ತುಂಬಿಕೊಳ್ಳಬೇಕು, ಜೋರಾಗಿ ತಿರುಗಿ ಕಾಕಂಬಿ ಹೊರಗೆ ಹಾಕಬೇಕು, ನೀರು ಸಿಂಪಡಿಸಿ ಹರಳು ತೊಳೆಯಬೇಕು, ವೇಗ ಇಳಿಸಿ ಸಕ್ಕರೆ ಕೆರೆದು ಕೆಳಗೆ ಬಿಡಬೇಕು. ಎಲ್ಲಕ್ಕೂ ಸೆಕೆಂಡಿನ ಲೆಕ್ಕ, ಆ ಲೆಕ್ಕವೆಲ್ಲ ಪ್ರೋಗ್ರಾಮಿನಲ್ಲೇ. ಹೊರಗೆ ಟ್ರ್ಯಾಕ್ಟರ್ ಸಾಲು; ಕಡಿದ ಕಬ್ಬು ಕಾದಷ್ಟೂ ಸಕ್ಕರೆಯ ರಿಕವರಿ ಇಳಿಯುತ್ತದೆ. ಇಲೆಕ್ಟ್ರಿಕಲ್ ಇನ್‌ಚಾರ್ಜ್ ಚುರುಕಾದ ಮನುಷ್ಯ. ರಾತ್ರೋರಾತ್ರಿ ಗಾಡಿ ಕಳಿಸಿ ಪುಣೆಯಿಂದ ಅದೇ ಮಾಡೆಲ್ ಸಿಪಿಯು, ಅಂದ್ರೆ ಪಿಎಲ್‌ಸಿಯ ಮುಖ್ಯ ಭಾಗ, ತರಿಸಿ ಕೂಡಿಸಿದರು. ದೀಪ ಹತ್ತಿತು, ಮಶೀನು ಅಲುಗಲಿಲ್ಲ. "ಹೊಸಾದ ಹಾಕೇವ್ರೀ ಸರ್, ಆದ್ರೂ ಯಾಕ ನಡೀವಲ್ದ್ರೀ?" ಅಂತ ನನಗೆ ಫೋನು. ಬ್ಯಾಕಪ್ ಎಲ್ಲೂ ಇರಲಿಲ್ಲ. ಪಕ್ಕದ ಸೆಂಟ್ರಿಫ್ಯೂಗಲ್ ಅದೇ ನಮೂನೆಯದು, ಅದಕ್ಕೆ ಪಾಸ್‌ವರ್ಡ್ ಇರಲಿಲ್ಲ ಅಂತ ಬಚಾವ್. ಅದರಿಂದ ತೆಗೆದು ಇದಕ್ಕೆ ಹಾಕಿ, ಟೈಮಿಂಗ್ ಹೊಂದಿಸಿದೆವು. ಅವರ ಮನೆಯ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಅವತ್ತು ಸಿಕ್ಕವು. ಆದರೆ ಉಳಿದ ಮಶೀನುಗಳ ಬ್ಯಾಕಪ್ ತೆಗೆಯೋಣ ಅಂದರೆ "ಹಂಗಾಮು ಮುಗೀಲಿ ಸರ್" ಅಂದರು!

ಸಿಪಿಯು ಸಾಯಲೇಬೇಕು ಅಂತಲೂ ಇಲ್ಲ. ಮಿತ್ಸುಬಿಷಿಯ ಎಫ್‌ಎಕ್ಸ್3ಯು ತನ್ನ ಪ್ರೋಗ್ರಾಮನ್ನು ಬ್ಯಾಟರಿಯ ಆಸರೆಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಬ್ಯಾಟ್ ಎಂಬ ಕೆಂಪು ದೀಪ ತಿಂಗಳುಗಟ್ಟಲೆ ಉರಿದರೂ ಯಾರೂ ನೋಡುವುದಿಲ್ಲ. ದೀಪಾವಳಿಗೆ ಕರೆಂಟ್ ತೆಗೆದು ಊರಿಗೆ ಹೋಗುತ್ತಾರೆ, ಬಂದು ನೋಡಿದರೆ ಖಾಲಿ. ಸೀಮೆನ್ಸ್ ಎಸ್7-300ಕ್ಕೆ ಬ್ಯಾಟರಿ ಬೇಡ, ಪ್ರೋಗ್ರಾಂ ಸಣ್ಣ ಮೆಮೊರಿ ಕಾರ್ಡಿನಲ್ಲಿರುತ್ತದೆ. ಅದನ್ನು ಲ್ಯಾಪ್‌ಟಾಪಿಗೆ ಚುಚ್ಚಿ, ವಿಂಡೋಸ್ "ಫಾರ್ಮ್ಯಾಟ್ ಮಾಡಲೇ?" ಅಂದಾಗ ಹೂಂ ಅಂದವರಿದ್ದಾರೆ. ಪ್ರೋಗ್ರಾಂ ಅಷ್ಟೇ ಅಲ್ಲ, ಆ ಕಾರ್ಡೂ ಪಿಎಲ್‌ಸಿಗೆ ಉಪಯೋಗಕ್ಕೆ ಬಾರದು.

"ಪಿಎಲ್‌ಸಿಯಿಂದಲೇ ತೆಗೆದರಾಯಿತಲ್ಲ" ಅನ್ನುವವರಿಗೂ ಒಂದು ಮಾತು. ಹೊಸ ತಲೆಮಾರಿನ ಹಲವು ಪಿಎಲ್‌ಸಿಗಳಲ್ಲಿ ಕಾಮೆಂಟುಗಳೂ, ಅಂದ್ರೆ ಯಾವುದು ಏನು ಅಂತ ಪ್ರೋಗ್ರಾಮಿನಲ್ಲಿ ಬರೆದಿಟ್ಟ ಟಿಪ್ಪಣಿಗಳೂ, ಒಳಗೇ ಉಳಿಯುತ್ತವೆ. ಎಸ್7-300, ಅಲೆನ್-ಬ್ರಾಡ್ಲಿಯ ಮೈಕ್ರೋಲಾಜಿಕ್ಸ್‌ನಂಥ ಹಳೆಯವುಗಳಲ್ಲಿ ಉಳಿಯುವುದಿಲ್ಲ. ತೆಗೆದರೆ ಬರೀ ವಿಳಾಸಗಳ ರಾಶಿ ಬರುತ್ತದೆ. ಯಾವುದು ಲಿಮಿಟ್ ಸ್ವಿಚ್, ಯಾವುದು ವಾಲ್ವ್ ಅಂತ ವೈರ್ ಹಿಡಿದು ಹುಡುಕಬೇಕು. ಪಾಸ್‌ವರ್ಡ್ ಇದ್ದರೆ ಅದೂ ಇಲ್ಲ. ಕಂಪನಿಯವರು ಸಾಮಾನ್ಯವಾಗಿ ಹೇಳುವುದು ಮೆಮೊರಿ ಅಳಿಸಿ ಹೊಸದಾಗಿ ಶುರು ಮಾಡಿ ಅಂತ. ಅದು ಅವರ ತಪ್ಪಲ್ಲ. ನೆಟ್‌ನಲ್ಲಿ ಸಿಗುವ ಅನ್‌ಲಾಕ್ ಸಾಫ್ಟ್‌ವೇರ್ ಮುಟ್ಟಬೇಡಿ. ಇಂಥದ್ದೇ ಒಂದು ಸಾಫ್ಟ್‌ವೇರ್ ಪಾಸ್‌ವರ್ಡ್ ಜೊತೆ ಸ್ಯಾಲಿಟಿ ಎಂಬ ವೈರಸ್ಸನ್ನೂ ಕಂಪ್ಯೂಟರಿಗೆ ಇಳಿಸುತ್ತಿತ್ತು ಎಂದು ಡ್ರ್ಯಾಗೋಸ್ ಎಂಬ ಸುರಕ್ಷತಾ ಕಂಪನಿ 2022ರಲ್ಲಿ ತೋರಿಸಿತ್ತು.

ಹಾಗಾದರೆ ಆನ್‌ಲೈನ್ ಸಪೋರ್ಟಿನಲ್ಲಿ ಸಿಗುವುದೇನು? ಮ್ಯಾನುಯಲ್, ಫರ್ಮ್‌ವೇರ್, ಎರರ್ ಕೋಡಿನ ಅರ್ಥ, ವೈರಿಂಗ್ ನಕ್ಷೆ. ಸೀಮೆನ್ಸ್‌ನವರದು ನನ್ನ ಲೆಕ್ಕದಲ್ಲಿ ಎಲ್ಲರಿಗಿಂತ ತುಂಬಿದ ಭಂಡಾರ. ಆರ್ಡರ್ ನಂಬರ್ ಹಾಕಿದರೆ ಹಳೆಯ ಕಾರ್ಡಿನ ಮ್ಯಾನುಯಲ್ಲೂ ಪುಕ್ಕಟೆ ಸಿಗುತ್ತದೆ. ಯಾವ ಮಾಲು ಯಾವಾಗ ನಿಲ್ಲುತ್ತದೆ ಅಂತಲೂ ಮೊದಲೇ ಹೇಳುತ್ತಾರೆ. ಎಸ್7-300ನ್ನು ನಿಲ್ಲಿಸುವ ಕೆಲಸ 2023ರ ಅಕ್ಟೋಬರ್‌ನಲ್ಲೇ ಶುರುವಾಗಿದೆ. ಹೊಸ ಮಶೀನಿಗೆ ಅದನ್ನೇ ಹಾಕಿಕೊಡುತ್ತೇವೆ ಅನ್ನುವವರಿದ್ದರೆ ಎದ್ದು ಬನ್ನಿ. ಅಲೆನ್-ಬ್ರಾಡ್ಲಿಯ ಮ್ಯಾನುಯಲ್ ಎಲ್ಲರಿಗೂ ತೆರೆದಿದೆ, ಆದರೆ ದೋಷ ಪರಿಹಾರದ ಬಹಳಷ್ಟು ಲೇಖನ ಸಪೋರ್ಟ್ ಕಾಂಟ್ರ್ಯಾಕ್ಟ್ ಇದ್ದವರಿಗೆ ಮಾತ್ರ. ಪ್ರೋಗ್ರಾಂ ಬರೆಯುವ ಸಾಫ್ಟ್‌ವೇರ್ ನೋಡಿದರೆ, ಡೆಲ್ಟಾದ ಡಬ್ಲ್ಯುಪಿಎಲ್‌ಸಾಫ್ಟ್ ಉಚಿತ, ಷ್ನೈಡರ್ ಎಂ221ರ ಸಾಫ್ಟ್‌ವೇರೂ ಉಚಿತ. ಸೀಮೆನ್ಸ್‌ನ ಟಿಐಎ ಪೋರ್ಟಲ್, ಮಿತ್ಸುಬಿಷಿಯ ಜಿಎಕ್ಸ್ ವರ್ಕ್ಸ್ ದುಡ್ಡಿನವು. ನಿಯಮ ಬದಲಾಗುತ್ತಿರುತ್ತವೆ, ಕೊಳ್ಳುವ ದಿನ ಒಮ್ಮೆ ಕೇಳಿಕೊಳ್ಳಿ. ಸ್ವಂತ ಇಲೆಕ್ಟ್ರಿಷಿಯನ್ ಲ್ಯಾಪ್‌ಟಾಪ್ ಹಚ್ಚಿ ನೋಡಬಲ್ಲ ಎಂದಾದರೆ ಸಣ್ಣ ಶೆಡ್ಡಿಗೆ ಉಚಿತ ಸಾಫ್ಟ್‌ವೇರಿನ ಬ್ರ್ಯಾಂಡೇ ಮೇಲು ಅನ್ನುವುದು ನನ್ನ ಅಭಿಪ್ರಾಯ. ದೊಡ್ಡ ಕಾರ್ಖಾನೆಯ ಮಾತು ಬೇರೆ.

ಬ್ರ್ಯಾಂಡ್ ಯಾವುದೇ ಇರಲಿ, ಪರ್ಚೇಸ್ ಆರ್ಡರಿನಲ್ಲೇ ಬರೆಸಿ: ಕೊನೆಯ ತಿದ್ದುಪಡಿಯ ಪ್ರೋಗ್ರಾಂ ಕಾಮೆಂಟ್ ಸಮೇತ ಬೇಕು, ಎಚ್‌ಎಂಐ (ಮಶೀನಿನ ಮೇಲಿನ ಪರದೆ) ಫೈಲೂ ಬೇಕು, ಪಾಸ್‌ವರ್ಡ್ ಬೇಕು, ಕೇಬಲ್ ಬೇಕು, ಸಾಫ್ಟ್‌ವೇರಿನ ವರ್ಷನ್ ಯಾವುದು ಅಂತ ಕಾಗದದಲ್ಲಿ ಬೇಕು. ವರ್ಷನ್ ಯಾಕಂದ್ರೆ, ಟಿಐಎ 17ರಲ್ಲಿ ಉಳಿಸಿದ ಪ್ರಾಜೆಕ್ಟ್ 16ರಲ್ಲಿ ತೆರೆಯುವುದಿಲ್ಲ. ಫೈಲ್ ನಿಮ್ಮ ಕಂಪ್ಯೂಟರಿನಲ್ಲಿ ತೆರೆದು, ಪಿಎಲ್‌ಸಿಯೊಳಗಿನದಕ್ಕೆ ತಾಳೆಯಾಗುವವರೆಗೆ ಕೊನೆಯ ಕಂತು ಕೊಡಬೇಡಿ. ಮಶೀನ್ ಮಾಡುವವರು ಗೊಣಗುತ್ತಾರೆ, ಅದು ಅವರ ವಿದ್ಯೆ ಅಲ್ವಾ? ಅವರ ಗುಟ್ಟಿನ ಒಂದೆರಡು ಬ್ಲಾಕ್ ಲಾಕ್ ಮಾಡಿಯೇ ಕೊಡಲಿ, ತಕರಾರಿಲ್ಲ. ಲಾಕ್ ಆದದ್ದನ್ನೂ ಹೊಸ ಸಿಪಿಯುಗೆ ಮತ್ತೆ ಹಾಕಲು ಬರುತ್ತದೆಯೇ ಎಂದು ಅವರ ಹುಡುಗ ಇನ್ನೂ ನಿಮ್ಮ ಶೆಡ್ಡಿನಲ್ಲಿ ಇರುವಾಗಲೇ ಮಾಡಿಸಿ ನೋಡಿ.