ಚಪ್ಪಾಳೆ ಎಣಿಸಿದವರು: ವಾಡೆವಿಲ್ ರಂಗದಲ್ಲಿ ತೀರ್ಪು ಯಾರದಾಗಿತ್ತು?

ಇಪ್ಪತ್ತನೇ ಶತಮಾನದ ಆರಂಭದ ಅಮೆರಿಕ. ಸೋಮವಾರದ ಮೊದಲ ಆಟ ಮುಗಿಯಿತೆಂದರೆ ವಾಡೆವಿಲ್ ಆಟಗಳ ಕೀತ್ ಸರಣಿಯ ಥಿಯೇಟರ್ ಮ್ಯಾನೇಜರಿಗೆ ವರದಿ ಬರೆಯುವ ಕೆಲಸ ಶುರು. ಯಾವ ತಂಡ, ಎಷ್ಟು ನಿಮಿಷ ಆಡಿತು, ಇಡೀ ರಂಗ ಬಳಸಿತೋ ಪರದೆಯ ಮುಂದಿನ ಕಿರಿದಾದ ಜಾಗದಲ್ಲೇ ಮುಗಿಸಿತೋ, ಜನ ಎಲ್ಲಿ ನಕ್ಕರು, ಕೊನೆಗೆ ಚಪ್ಪಾಳೆ ಹೇಗಿತ್ತು, ಎಲ್ಲವನ್ನೂ ಕೆಲವೇ ಸಾಲುಗಳಲ್ಲಿ ಬರೆದು ಕಲಾವಿದರನ್ನು ಗೊತ್ತುಮಾಡುವ ನ್ಯೂಯಾರ್ಕಿನ ಬುಕಿಂಗ್ ಕಚೇರಿಗೆ ಕಳಿಸಬೇಕು. ಬಾಸ್ಟನ್, ಫಿಲಡೆಲ್ಫಿಯಾ, ಪ್ರಾವಿಡೆನ್ಸ್, ಕ್ಲೀವ್‌ಲ್ಯಾಂಡ್‌ಗಳಿಂದ ಬಂದ ಇಂಥ ವರದಿಗಳ ಮೇಲೆ ಕಲಾವಿದರ ಮುಂದಿನ ವಾರಗಳ ಅನ್ನ ನಿಂತಿತ್ತು. 1902ರಿಂದ 1923ರವರೆಗಿನ ವರದಿ ಪುಸ್ತಕಗಳು ಈಗ ಅಯೋವಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಅಮೆರಿಕದ ಪ್ರೇಕ್ಷಕರು ಆಗ ಯಾವುದಕ್ಕೆ ನಗುತ್ತಿದ್ದರು ಎಂದು ತಿಳಿಯಲು ಇಷ್ಟು ನೇರವಾದ ದಾಖಲೆ ಮತ್ತೊಂದು ಸಿಗುವುದು ಕಷ್ಟ. ಆದರೆ ಇದನ್ನು ಬರೆದದ್ದು ಪ್ರೇಕ್ಷಕರಲ್ಲ, ಅವರಿಗೆ ಟಿಕೆಟ್ ಮಾರುತ್ತಿದ್ದವರು ಎಂಬುದನ್ನು ಮರೆಯುವಂತಿಲ್ಲ.

ವಾಡೆವಿಲ್ ಎಂದರೆ ಒಂದಕ್ಕೊಂದು ಸಂಬಂಧವಿಲ್ಲದ ಎಂಟು-ಒಂಬತ್ತು ಐಟಂಗಳ ಆಟ. ದೊಂಬರಾಟ, ಹಾಡು, ಜಾದೂ, ಪಳಗಿಸಿದ ನಾಯಿಗಳು, ಇಬ್ಬರು ಹಾಸ್ಯಗಾರರ ಸಂಭಾಷಣೆ, ಇಪ್ಪತ್ತು ನಿಮಿಷದ ಕಿರುನಾಟಕ. ಇದಕ್ಕೆ ಹಿಂದಿನ 'ವೆರೈಟಿ' ಪ್ರದರ್ಶನಗಳು ಬಹುಪಾಲು ಕುಡುಕ ಗಂಡಸರ ಸಭಾಂಗಣಗಳಲ್ಲಿ ನಡೆಯುತ್ತಿದ್ದವು. ಅಲ್ಲಿ ತೀರ್ಪು ಸ್ಥಳದಲ್ಲೇ ಬರುತ್ತಿತ್ತು: ಮೆಚ್ಚಿದರೆ ಕಾಲು ಕುಟ್ಟಿ ಸಿಳ್ಳೆ, ಮೆಚ್ಚದಿದ್ದರೆ ಕೈಗೆ ಸಿಕ್ಕಿದ್ದು ರಂಗದ ಮೇಲೆ. ಟೋನಿ ಪಾಸ್ಟರ್ 1881ರಲ್ಲಿ ನ್ಯೂಯಾರ್ಕಿನ 14ನೇ ಬೀದಿಯಲ್ಲಿ ಹೆಂಗಸರು ಮಕ್ಕಳೂ ಬಂದು ಕೂರಬಹುದಾದ ಆಟ ಆರಂಭಿಸಿದ. ಅದನ್ನೇ ದೊಡ್ಡ ಉದ್ಯಮವಾಗಿ ಬೆಳೆಸಿದವರು ಬಾಸ್ಟನ್ನಿನ ಬಿ.ಎಫ್. ಕೀತ್ ಮತ್ತು ಅವನ ಬಲಗೈ ಇ.ಎಫ್. ಆಲ್ಬೀ.

ಕೀತ್ ಮೊದಲು ತಿದ್ದಲು ಹೊರಟದ್ದು ಕಲಾವಿದರನ್ನಷ್ಟೇ ಅಲ್ಲ, ಪ್ರೇಕ್ಷಕರನ್ನೂ. ಕಾಲು ಕುಟ್ಟಬೇಡಿ, ಕೈಗೋಲಿನಿಂದ ನೆಲ ಬಡಿಯಬೇಡಿ, ಮೆಚ್ಚುಗೆಯಿದ್ದರೆ ಕೈತಟ್ಟಿ ತೋರಿಸಿ, ಆಟದ ನಡುವೆ ಮಾತು ಬೇಡ ಎಂಬ ಮುದ್ರಿತ ಚೀಟಿಗಳನ್ನು ಅವನ ಥಿಯೇಟರುಗಳಲ್ಲಿ ಹಂಚುತ್ತಿದ್ದರು. ಗ್ಯಾಲರಿಯ ಹುಡುಗರ ಮೇಲೆ ಕಣ್ಣಿಡಲು ಕಾವಲಿನವರಿದ್ದರು. ರಂಗದ ಹಿಂದೆ ಕಲಾವಿದರಿಗೆ ಬೇರೆ ನೋಟಿಸು: ಇಂತಿಂಥ ಮಾತು ಬಾಯಿಂದ ಬಂದರೆ ಕೆಲಸ ರದ್ದು. ಕತ್ತರಿಸಬೇಕಾದ ಸಾಲುಗಳ ಪಟ್ಟಿ ನೀಲಿ ಲಕೋಟೆಯಲ್ಲಿ ಬರುತ್ತಿತ್ತು ಎಂದು ಹಳೆಯ ಕಲಾವಿದರು ನೆನೆಯುತ್ತಿದ್ದರು. ಈ ಸರಣಿಗೆ ಅವರಿಟ್ಟ ಅಡ್ಡಹೆಸರು 'ಸಂಡೇ ಸ್ಕೂಲ್ ಸರ್ಕ್ಯೂಟ್'.

ನನಗೆ ಕುತೂಹಲ ಹುಟ್ಟಿಸುವುದು ಇಲ್ಲಿನ ಅನುಕ್ರಮ. ಮೊದಲು ಕೂಗು, ಸಿಳ್ಳೆ, ಕಾಲಿನ ಸದ್ದು ಎಲ್ಲವನ್ನೂ ಅಡಗಿಸಿ ಬರೀ ಚಪ್ಪಾಳೆಯನ್ನು ಉಳಿಸಿಕೊಂಡರು. ಆಮೇಲೆ ಆ ಚಪ್ಪಾಳೆಯನ್ನೇ ಅಳತೆಗೋಲಾಗಿ ಹಿಡಿದರು. ಬೇಸರ, ಸಿಟ್ಟು, ಗೇಲಿ ತೋರಿಸಲು ಪ್ರೇಕ್ಷಕನಿಗೆ ಉಳಿದದ್ದು ಕೈಕಟ್ಟಿ ಸುಮ್ಮನೆ ಕೂರುವುದೊಂದೇ. ನಮ್ಮ ಕಂಪನಿ ನಾಟಕಗಳಲ್ಲಿ ರಂಗಗೀತೆಗೆ 'ಒನ್ಸ್ ಮೋರ್' ಕೂಗಿ ಕಥೆಯನ್ನೇ ನಿಲ್ಲಿಸುತ್ತಿದ್ದ ಪ್ರೇಕ್ಷಕರನ್ನು ಬಲ್ಲವರಿಗೆ ಇದು ವಿಚಿತ್ರವಾಗಿ ಕಾಣಬಹುದು.

ಚಪ್ಪಾಳೆಯೂ ಸರಿಯಾದ ಅಳತೆಯಾಗಿರಲಿಲ್ಲ. ಯಾವ ಐಟಂ ಎಷ್ಟನೆಯದು ಎಂಬುದರಲ್ಲೇ ಅರ್ಧ ತೀರ್ಪು ಅಡಗಿತ್ತು. ನ್ಯೂಯಾರ್ಕಿನ ಪ್ಯಾಲೇಸ್ ಥಿಯೇಟರಿಗೆ ಐಟಂ ಜೋಡಿಸುತ್ತಿದ್ದ ಜಾರ್ಜ್ ಗಾಟ್ಲೀಬ್ ತನ್ನ ಲೆಕ್ಕಾಚಾರವನ್ನು ಬಿಡಿಸಿ ಹೇಳಿದ್ದಾನೆ. ಮೊದಲಿಗೆ ಮಾತಿಲ್ಲದ ಐಟಂ, ಅಂದರೆ ಕುಣಿತ ಅಥವಾ ಪ್ರಾಣಿಗಳ ಆಟ. ತಡವಾಗಿ ಬಂದವರು ಸೀಟು ಹುಡುಕುತ್ತ ಗದ್ದಲ ಮಾಡಿದರೂ ಅದಕ್ಕೆ ನಷ್ಟವಿಲ್ಲ. ಎರಡನೆಯದು ಸಭೆಯನ್ನು ನೆಲೆಗೆ ತರುವಂಥದ್ದು. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತ, ವಿರಾಮಕ್ಕೆ ಮೊದಲು ಒಂದು ಭಾರೀ ಹೊಡೆತ. ಕೊನೆಯದಕ್ಕಿಂತ ಒಂದು ಮುಂಚಿನದು ಎಲ್ಲರೂ ಬಯಸುವ ಜಾಗ, ಅದು ದೊಡ್ಡ ತಾರೆಗೆ ಮೀಸಲು. ಕೊನೆಯಲ್ಲಿ ಮತ್ತೆ ಕಣ್ಣಿಗೆ ಹಬ್ಬವಾಗುವ ಮಾತಿಲ್ಲದ ಐಟಂ, ಏಕೆಂದರೆ ಅಷ್ಟು ಹೊತ್ತಿಗೆ ಅರ್ಧ ಜನ ಎದ್ದು ಟೋಪಿ ಹುಡುಕುತ್ತಿರುತ್ತಾರೆ. ಈ ಕೊನೆಯ ಜಾಗ ಸಿಕ್ಕವರು ತಾವು 'ಹೇರ್‌ಕಟ್‌ಗಳಿಗೆ' ಆಡುವವರು ಎಂದು ಗೊಣಗುತ್ತಿದ್ದರು. ಬಾಗಿಲ ಕಡೆ ನಡೆದವರ ಹಿಂದಲೆಯಷ್ಟೇ ಅವರಿಗೆ ಕಾಣುತ್ತಿದ್ದುದು. ಎಂಥ ಚತುರ ದೊಂಬರಾದರೂ ಆ ಜಾಗದಲ್ಲಿ ಎಷ್ಟು ಚಪ್ಪಾಳೆ ಗಿಟ್ಟಿಸಿಯಾರು? ಅನುಭವಿ ಮ್ಯಾನೇಜರ್ ಇದನ್ನು ಕಳೆದು ಲೆಕ್ಕ ಹಾಕುತ್ತಿದ್ದ, ಹೊಸಬ ಹಾಕುತ್ತಿರಲಿಲ್ಲ. ಕಲಾವಿದರಲ್ಲೂ ಚಪ್ಪಾಳೆ ಕದಿಯುವವರಿದ್ದರು: ಸದ್ದು ಇಳಿಯುವ ಮೊದಲೇ ಮತ್ತೆ ಬಂದು ನಮಸ್ಕಾರ, ಕೊನೆಯ ಹಾಡಿಗೆ ರಾಷ್ಟ್ರಧ್ವಜ. ಧ್ವಜಕ್ಕೆ ಕೈತಟ್ಟದೆ ಕೂರುವ ಧೈರ್ಯ ಯಾರಿಗಿದೆ!

ಅಳತೆಯನ್ನೇ ತಲೆಕೆಳಗು ಮಾಡಿದವರೂ ಇದ್ದರು. ಅಯೋವಾದ ಮರಿಯನ್ ಎಂಬ ಊರಿನ ಚೆರ್ರಿ ಸೋದರಿಯರು ಹಾಡಿ, ಕುಣಿದು, ಉಪದೇಶದ ದೃಶ್ಯ ಆಡಿ ತೋರಿಸುತ್ತಿದ್ದರು. ಎಷ್ಟು ಕೆಟ್ಟದಾಗಿ ಎಂದರೆ ಹೋದಲ್ಲೆಲ್ಲ ತರಕಾರಿ ಎಸೆತ. 1896ರಲ್ಲಿ ಆಸ್ಕರ್ ಹ್ಯಾಮರ್‌ಸ್ಟೈನ್ ಅವರನ್ನು ಬ್ರಾಡ್‌ವೇಯ ತನ್ನ ಒಲಿಂಪಿಯಾ ಥಿಯೇಟರಿಗೆ ಕರೆಸಿದ. ಒಳ್ಳೆಯದು ಹಾಕಿ ನಷ್ಟವಾಯಿತು, ಇನ್ನು ಕೆಟ್ಟದ್ದನ್ನು ಹಾಕಿ ನೋಡೋಣ ಎಂದನೆಂದು ಪ್ರತೀತಿ. ಜನ ಛೀಮಾರಿ ಹಾಕಲೆಂದೇ ದುಡ್ಡು ಕೊಟ್ಟು ಬಂದರು. ಗಲ್ಲಾಪೆಟ್ಟಿಗೆಯ ಲೆಕ್ಕದಲ್ಲಿ ಛೀಮಾರಿಗೂ ಜೈಕಾರಕ್ಕೂ ವ್ಯತ್ಯಾಸವಿಲ್ಲ.

ಆ ಸೋದರಿಯರ ಪ್ರಕರಣ ಕೋರ್ಟಿಗೂ ಹೋಯಿತು. ಅವರ ವಯಸ್ಸು, ಮೈಕಟ್ಟು, ಕಂಠ ಎಲ್ಲವನ್ನೂ ಜಾಲಾಡಿದ್ದ ಒಂದು ಕ್ರೂರ ವಿಮರ್ಶೆಯನ್ನು ಮರುಮುದ್ರಿಸಿದ ಡಿ ಮಾಯ್ನ್ ಲೀಡರ್ ಪತ್ರಿಕೆಯ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿದರು. ದುಡ್ಡು ಪಡೆದು ಸಾರ್ವಜನಿಕರ ಮುಂದೆ ಪ್ರದರ್ಶನ ಕೊಟ್ಟವರನ್ನು ಕಟುವಾಗಿ ಲೇವಡಿ ಮಾಡುವ ಹಕ್ಕು ವಿಮರ್ಶಕನಿಗಿದೆ, ಅದರ ಹಿಂದೆ ದ್ವೇಷವಿತ್ತೆಂದು ಸಾಬೀತಾಗದ ಹೊರತು ತಪ್ಪಲ್ಲ ಎಂದು 1901ರಲ್ಲಿ ಅಯೋವಾ ಸುಪ್ರೀಂ ಕೋರ್ಟ್ ಪತ್ರಿಕೆಯ ಪರ ನಿಂತಿತು. ಆ ತೀರ್ಪಿನಲ್ಲೊಂದು ಮಾತಿದೆ: ಫಿರ್ಯಾದುದಾರಳು ತನ್ನ ಐಟಂನ ಕೆಲವು ಭಾಗಗಳನ್ನು ವಿಚಾರಣಾ ನ್ಯಾಯಾಲಯದ ಮುಂದೆಯೇ ಮಾಡಿ ತೋರಿಸಿದ್ದಳು, ನ್ಯಾಯಾಧೀಶರು ಅದನ್ನು ಕಣ್ಣಾರೆ ಕಂಡಿದ್ದರು ಎಂಬುದನ್ನೂ ತಾವು ಗಮನದಲ್ಲಿಟ್ಟುಕೊಂಡಿದ್ದೇವೆ ಎಂದು. ಅವರೂ ಆ ದಿನದ ಪ್ರೇಕ್ಷಕರೇ. ಅವರ ಪ್ರತಿಕ್ರಿಯೆ ಏನಿತ್ತೆಂದು ಊಹಿಸಲು ವರದಿ ಪುಸ್ತಕ ಬೇಕಿಲ್ಲ. ನಗು ಬಂದರೂ ಆ ತೀರ್ಪು ಹಗುರವಾದುದಲ್ಲ, ಕಲಾ ವಿಮರ್ಶೆಯ ಸ್ವಾತಂತ್ರ್ಯದ ಮಾತು ಬಂದಾಗ ಅಮೆರಿಕದಲ್ಲಿ ಅದನ್ನು ಈಗಲೂ ನೆನೆಯುತ್ತಾರೆ.

ವಾಡೆವಿಲ್ ವಿಮರ್ಶೆಗೊಂದು ಸ್ಥಿರ ವೇದಿಕೆ ಸಿಕ್ಕಿದ್ದು 1905ರ ಡಿಸೆಂಬರಿನಲ್ಲಿ. ಸೈಮ್ ಸಿಲ್ವರ್‌ಮನ್ 'ವೆರೈಟಿ' ವಾರಪತ್ರಿಕೆ ಆರಂಭಿಸಿದ. ಹಿಂದಿನ ಪತ್ರಿಕೆಯಲ್ಲಿ ಒಂದು ಖಾರದ ವಿಮರ್ಶೆ ಬರೆದು ಕೆಲಸ ಕಳಕೊಂಡವನು ಅವನು. ಅವನ ಪತ್ರಿಕೆಯ 'ನ್ಯೂ ಆಕ್ಟ್ಸ್' ಅಂಕಣ ಹೊಸ ಐಟಂಗಳನ್ನು ತೂಗುತ್ತಿತ್ತು, ಕೆಳಗೆ ವಿಮರ್ಶಕನ ಚುಟುಕು ಸಹಿ. ಮ್ಯಾನೇಜರನ ವರದಿ ಕಲಾವಿದನ ಕಣ್ಣಿಗೆ ಬೀಳುತ್ತಿರಲಿಲ್ಲ, ಇದಾದರೋ ಎಲ್ಲರ ಕೈಯಲ್ಲಿ. ಆಲ್ಬೀಗೂ ಪತ್ರಿಕೆಗೂ ವರ್ಷಗಟ್ಟಲೆ ಜಟಾಪಟಿ ನಡೆಯಿತು, ಪತ್ರಿಕೆಗೆ ಜಾಹೀರಾತು ಕೊಟ್ಟ ಕಲಾವಿದರಿಗೆ ಕೆಲಸ ಸಿಗದಂತೆ ಮಾಡುವ ಬೆದರಿಕೆಯೂ ಇತ್ತು. ಹಾಗೆಂದು ಪತ್ರಿಕೆ ಪೂರ್ತಿ ಸ್ವತಂತ್ರವೂ ಅಲ್ಲ. ತಾನು ವಿಮರ್ಶಿಸುವ ಕಲಾವಿದರ ಜಾಹೀರಾತಿನಿಂದಲೇ ಅದು ಬದುಕುತ್ತಿತ್ತು.

ಪ್ರೇಕ್ಷಕರ ಸಿಟ್ಟೆಲ್ಲ ಕಲೆಯ ಗುಣಮಟ್ಟದ ಬಗ್ಗೆಯೇ ಇರುತ್ತಿತ್ತೆ? 1907ರಲ್ಲಿ ರಸೆಲ್ ಸೋದರರು ಐರಿಷ್ ಮನೆಗೆಲಸದ ಹುಡುಗಿಯರ ವೇಷ ಕಟ್ಟಿ ನಗಿಸಲು ಬಂದಾಗ ನ್ಯೂಯಾರ್ಕಿನ ಐರಿಷ್ ಸಂಘಟನೆಗಳ ಜನ ಸಭಾಂಗಣ ಹೊಕ್ಕು ಗಲಾಟೆ ಎಬ್ಬಿಸಿದರು. ವರ್ಷಗಟ್ಟಲೆ ಜನ ನಕ್ಕಿದ್ದ ಐಟಂ ಅದು. ಇತ್ತ ಕಪ್ಪು ಜನರಿಗೆ ಎಷ್ಟೋ ಥಿಯೇಟರುಗಳಲ್ಲಿ ಮೇಲಿನ ಗ್ಯಾಲರಿಯಲ್ಲಷ್ಟೇ ಜಾಗ. 'ಸಭೆ ಮೆಚ್ಚಿತು' ಎಂದು ಮ್ಯಾನೇಜರ್ ಬರೆದಾಗ ಯಾವ ಸಾಲಿನ ಕೈಗಳು ಲೆಕ್ಕಕ್ಕೆ ಬಂದವು ಎಂದು ಕೇಳದೆ ವಿಧಿಯಿಲ್ಲ.

ಅಡಗಿಸಿದ ಗದ್ದಲ ಪೂರ್ತಿ ಅಡಗಲಿಲ್ಲ, ಬೇರೆ ಬಾಗಿಲಿನಿಂದ ಬಂತು. ನ್ಯೂಯಾರ್ಕಿನ ಬಡವರ ಬಡಾವಣೆಯ ಮೈನರ್ಸ್ ಬವರಿ ಥಿಯೇಟರಿನಲ್ಲಿ ಹವ್ಯಾಸಿಗಳ ರಾತ್ರಿ ನಡೆಯುತ್ತಿತ್ತು. ಜನ ಬೇಸತ್ತು ಕೂಗಿದರೆ ಪಕ್ಕದ ಪರದೆಯ ಮರೆಯಿಂದ ಉದ್ದ ಕೋಲಿನ ಕೊಕ್ಕೆ ಬಂದು ಹಾಡುಗಾರನನ್ನು ಎಳೆದೊಯ್ಯುತ್ತಿತ್ತು. ಮುಂದೆ ಹೆಸರಾಂತ ಹಾಸ್ಯನಟನಾದ ಎಡ್ಡಿ ಕ್ಯಾಂಟರ್ ಹುಡುಗನಾಗಿದ್ದಾಗ ಆ ಕೊಕ್ಕೆಯಿಂದ ಪಾರಾಗಿ ಬಹುಮಾನ ಗೆದ್ದವನು.

1913ರಲ್ಲಿ ತೆರೆದ ಪ್ಯಾಲೇಸಿನ ಸೋಮವಾರದ ಮಧ್ಯಾಹ್ನದಾಟ ಇದಕ್ಕೆ ತದ್ವಿರುದ್ಧ. ಅಲ್ಲಿ ಏಜೆಂಟರು, ಬುಕಿಂಗ್‌ನವರು, ವಿಮರ್ಶಕರು, ಕೆಲಸವಿಲ್ಲದ ಕಲಾವಿದರು ಬಂದು ಕೂರುತ್ತಿದ್ದರು. ಅಲ್ಲಿ ಗೆದ್ದವರಿಗೆ ದೇಶದೆಲ್ಲೆಡೆ ಕೆಲಸ. 1932ರಲ್ಲಿ ಅಲ್ಲೂ ಬರೀ ವಾಡೆವಿಲ್ ಆಟ ನಿಂತು ಸಿನಿಮಾ ಒಳಬಂತು. ಹವ್ಯಾಸಿಗಳ ರಾತ್ರಿ ಮಾತ್ರ ಬೇರೆಡೆ ಉಳಿಯಿತು. 1934ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್ಮಿನ ಅಪೊಲೊ ಥಿಯೇಟರಿನಲ್ಲಿ ಕುಣಿಯಲು ಬಂದ ಹದಿನೇಳರ ಹುಡುಗಿ, ಮುಂದೆ ಜಾಝ್ ಗಾಯಕಿಯಾಗಿ ಹೆಸರಾದ ಎಲ್ಲಾ ಫಿಟ್ಜ್‌ಜೆರಾಲ್ಡ್, ತನಗಿಂತ ಮೊದಲಿನ ಜೋಡಿಯ ಕುಣಿತ ಕಂಡು ಅಂಜಿ, ಕುಣಿಯುವ ಬದಲು ಹಾಡಿ ಗೆದ್ದಳು.

ಅದೇ ಹೊತ್ತಿಗೆ ಮೇಜರ್ ಎಡ್ವರ್ಡ್ ಬೋಸ್ ಎಂಬ ನಿರೂಪಕ ರೇಡಿಯೊದಲ್ಲಿ ಹವ್ಯಾಸಿಗಳ ಸ್ಪರ್ಧೆ ನಡೆಸತೊಡಗಿದ್ದ. ಕೊಕ್ಕೆಯ ಬದಲು ಜಾಗಟೆ. ಚಪ್ಪಾಳೆಯ ಬದಲು ಮನೆಯಲ್ಲಿ ಕೂತು ಕೇಳಿದವರ ಫೋನ್ ಕರೆ, ಅಂಚೆ ಕಾರ್ಡು. 1935ರಲ್ಲಿ ಹಾಗೆ ಮತ ಗಿಟ್ಟಿಸಿದವರಲ್ಲಿ ಹೊಬೊಕೆನ್ ಫೋರ್ ಎಂಬ ತಂಡವೂ ಒಂದು. ಅದರಲ್ಲಿದ್ದ ತರುಣ, ಮುಂದೆ ಹೆಸರಾಂತ ಗಾಯಕನಾದ ಫ್ರ್ಯಾಂಕ್ ಸಿನಾತ್ರಾ. ಗೆದ್ದವರನ್ನು ಬೋಸ್ ತನ್ನ ಸಂಚಾರಿ ತಂಡಗಳಲ್ಲಿ ಸೇರಿಸಿ ಊರೂರಿನ ಥಿಯೇಟರುಗಳಿಗೆ ಕಳಿಸಿದ. ಆ ಊರುಗಳ ಪ್ರೇಕ್ಷಕರು ಟಿಕೆಟ್ ಕೊಂಡಾಗ ತೀರ್ಪು ಆಗಲೇ ಹೊರಬಿದ್ದಾಗಿತ್ತು.