ಫೈಲಿನ ಮೇಲೆ ತಾರೀಖು ಬರೆಯುವವರು ಯಾರು?

ಅಕ್ಕನ ಮದುವೆ ಆಗಿದ್ದು 2014ರ ಮೇ 18, ಭಾನುವಾರ. ಆವತ್ತು ನಾನು ಫೋನಿನಲ್ಲಿ ತೆಗೆದ ನಾನೂರಕ್ಕೂ ಜಾಸ್ತಿ ಫೋಟೋಗಳು ಒಂದು ಹಳೆಯ ಹಾರ್ಡ್ ಡಿಸ್ಕಿನಲ್ಲಿದ್ದವು. ಹೋದ ತಿಂಗಳು ಅವನ್ನೆಲ್ಲ ಹೊಸ ಲ್ಯಾಪ್‌ಟಾಪಿಗೆ ಕಾಪಿ ಮಾಡಿದೆ. ತೆರೆದು ನೋಡಿದರೆ ಎಲ್ಲಕ್ಕೂ ಒಂದೇ ತಾರೀಖು, ನಾನು ಕಾಪಿ ಮಾಡಿದ ಆ ಸಂಜೆಯದು. ಎರಡು ದಿನ ನಡೆದ ಮದುವೆ ಎರಡೇ ನಿಮಿಷದಲ್ಲಿ ಮುಗಿದಂತೆ ಕಾಣುತ್ತಿತ್ತು. ಧಾರೆಗಿಂತ ಮೊದಲೇ ಊಟದ ಪಂಕ್ತಿ, ಅದಾದ ಮೇಲೆ ವರಪೂಜೆ.

ಫೋಟೋಗಳಿಗೆ ಏನೂ ಆಗಿರಲಿಲ್ಲ. ಹೋಗಿದ್ದು ತಾರೀಖು ಮಾತ್ರ. ಕ್ಯಾಮೆರಾ ಫೋಟೋದ ಒಳಗೇ ಬರೆದಿಡುವ ತಾರೀಖು ಬೇರೆ ಇರುತ್ತದೆ, ಅದಕ್ಕೆ ಎಕ್ಸಿಫ್ ಮಾಹಿತಿ ಅನ್ನುತ್ತಾರೆ. ಆದರೆ ಹಿಂದೊಮ್ಮೆ ಜಾಗ ಉಳಿಸಲು ಈ ಫೋಟೋಗಳ ಸೈಜು ಇಳಿಸಿದ್ದೆ, ಆಗಲೇ ಅದು ಅಳಿಸಿಹೋಗಿತ್ತು. ಪುಣ್ಯಕ್ಕೆ ಫೈಲಿನ ಹೆಸರು ಹಾಗೇ ಉಳಿದಿತ್ತು. ಒಂದು ಫೋಟೋದ ಹೆಸರು ಐಎಂಜಿ_20140518_104215. ಅಂದರೆ ಬೆಳಿಗ್ಗೆ 10 ಗಂಟೆ 42 ನಿಮಿಷ 15 ಸೆಕೆಂಡು. ಭಾವ ತಾಳಿ ಕಟ್ಟುತ್ತಿರುವ ಫೋಟೋ ಅದು. ಈ ಹೆಸರಿನಿಂದ ತಾರೀಖನ್ನು ಓದಿ ಫೈಲಿಗೆ ವಾಪಸ್ ಬರೆಯಬೇಕು. ಕೆಲಸ ಇಷ್ಟೇ. ಆದರೆ ಮಾಡಲು ಕೂತಾಗ ಫೈಲಿನ ತಾರೀಖಿನ ಬಗ್ಗೆ ನಾನು ಅಂದುಕೊಂಡಿದ್ದು ಎಷ್ಟು ತಪ್ಪು ಅಂತ ಗೊತ್ತಾಯಿತು.

ಮೊದಲನೆಯದು, ಫೈಲಿನ ತಾರೀಖು ಫೈಲಿನ ಒಳಗೆ ಇರುವುದಿಲ್ಲ. ಜಮೀನು ಬೇರೆ, ಪಹಣಿ ಬೇರೆ ಅಲ್ವಾ? ಹಾಗೆಯೇ ಇದು. ಲಿನಕ್ಸ್, ಮ್ಯಾಕ್ ಮುಂತಾದ ಯುನಿಕ್ಸ್ ಮನೆತನದ ವ್ಯವಸ್ಥೆಗಳಲ್ಲಿ ಪ್ರತಿ ಫೈಲಿಗೂ ಐನೋಡ್ ಅನ್ನುವ ಒಂದು ದಾಖಲೆ ಇರುತ್ತದೆ. ಯಾರ ಫೈಲು, ಎಷ್ಟು ದೊಡ್ಡದು, ಯಾರು ಓದಬಹುದು, ಡಿಸ್ಕಿನಲ್ಲಿ ಎಲ್ಲಿದೆ, ಎಲ್ಲ ಅದರಲ್ಲಿ. ತಾರೀಖುಗಳೂ ಅಲ್ಲೇ. ಒಂದಲ್ಲ, ಮೂರು.

ಎಂ-ಟೈಮ್ ಅಂದರೆ ಫೈಲಿನ ಒಳಗಿನ ವಿಷಯ ಕೊನೆಯ ಸಲ ಬದಲಾದ ಹೊತ್ತು. ಹೊಲ ಉತ್ತ ದಿನ ಅನ್ನಿ. ಎ-ಟೈಮ್ ಅಂದರೆ ಯಾರೋ ಬಂದು ನೋಡಿಕೊಂಡು ಹೋದ ಹೊತ್ತು. ಸಿ-ಟೈಮ್ ಅಂದರೆ ಪಹಣಿಯೇ ಬದಲಾದ ಹೊತ್ತು. ಮಾಲೀಕ ಬದಲಾದರೂ ಅದು ಬದಲಾಗುತ್ತದೆ, ಅನುಮತಿ ಬದಲಾದರೂ ಬದಲಾಗುತ್ತದೆ. ಹೊಲ ಉತ್ತರೂ ಅಷ್ಟೇ, ಯಾಕೆಂದರೆ ಉತ್ತ ದಿನವನ್ನೂ ಪಹಣಿಯಲ್ಲೇ ಬರೆಯಬೇಕಲ್ಲ. ಸಿ ಅಂದರೆ ಕ್ರಿಯೇಷನ್, ಫೈಲು ಹುಟ್ಟಿದ ಹೊತ್ತು ಅಂತ ತುಂಬಾ ಜನ ತಿಳಿದಿದ್ದಾರೆ. ನಾನೂ ಬಹಳ ವರ್ಷ ಹಾಗೇ ತಿಳಿದಿದ್ದೆ. ಅಲ್ಲ, ಅದು ಚೇಂಜ್.

ಹುಟ್ಟಿದ ಹೊತ್ತನ್ನು ಯುನಿಕ್ಸ್ ಬಹುಕಾಲ ಬರೆದಿಡುತ್ತಲೇ ಇರಲಿಲ್ಲ. ಲಿನಕ್ಸಿನ ಇಎಕ್ಸ್‌ಟಿ4 ಫೈಲ್ ಸಿಸ್ಟಮ್, ಅಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿ, ಅದನ್ನು ಬರೆದಿಡಲು ಶುರು ಮಾಡಿತು. ಆದರೂ ಪ್ರೋಗ್ರಾಮುಗಳಿಗೆ ಅದನ್ನು ಕೇಳಿ ಪಡೆಯುವ ಸರಿಯಾದ ದಾರಿ, ಸ್ಟ್ಯಾಟ್‌ಎಕ್ಸ್, ಸಿಕ್ಕಿದ್ದು 2017ರಲ್ಲಿ. ವಿಂಡೋಸ್ ಮಾತ್ರ ಹುಟ್ಟಿದ ಹೊತ್ತನ್ನು ಮುಂಚಿನಿಂದ ತೋರಿಸುತ್ತಿದೆ. ಅಲ್ಲಿ ಇನ್ನೊಂದು ಸೋಜಿಗ ಇದೆ. ಫೈಲನ್ನು ಕಾಪಿ ಮಾಡಿದರೆ ಕಾಪಿಗೆ ಹೊಸ ಹುಟ್ಟಿದ ತಾರೀಖು ಬರುತ್ತದೆ, ತಿದ್ದಿದ ತಾರೀಖು ಮಾತ್ರ ಹಳೆಯದೇ ಉಳಿಯುತ್ತದೆ. ಹುಟ್ಟುವ ಮೊದಲೇ ತಿದ್ದಿದ ಫೈಲು! ಹಾಗೆ ಕಂಡರೆ ಗಾಬರಿ ಬೇಡ, ಅದು ಕಾಪಿ ಅಂತ ತಿಳಿಯಿರಿ.

ನನ್ನ ಲ್ಯಾಪ್‌ಟಾಪಿನಲ್ಲಿರುವುದು ಲಿನಕ್ಸ್. ಅಲ್ಲಿ ಕಾಪಿ ಮಾಡುವ ಸಿಪಿ ಕಮಾಂಡು ತಾರೀಖು ಉಳಿಸು ಅಂತ ಹೇಳದಿದ್ದರೆ ಉಳಿಸುವುದಿಲ್ಲ. ಕಮಾಂಡಿನ ಹೆಸರಿನ ಮುಂದೆ ಒಂದು ಅಡ್ಡಗೆರೆ, ಒಂದು ಪಿ ಅಕ್ಷರ ಹಾಕಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.

ಕಂಪ್ಯೂಟರ್ ತಾರೀಖನ್ನು ಮೇ 18 ಅಂತ ಬರೆದಿಡುವುದಿಲ್ಲ. ಒಂದು ಗಳಿಗೆಯನ್ನು ಸೊನ್ನೆ ಅಂತ ಹಿಡಿದು ಅಲ್ಲಿಂದ ಎಣಿಸುತ್ತದೆ. ಯುನಿಕ್ಸಿಗೆ ಆ ಸೊನ್ನೆ 1970ರ ಜನವರಿ 1ರ ನಡುರಾತ್ರಿ, ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲಿ. ನಮ್ಮ ಗಡಿಯಾರದಲ್ಲಿ ಆಗ ಬೆಳಗಿನ ಐದೂವರೆ. ತಾಳಿ ಕಟ್ಟಿದ ಹೊತ್ತು ಅಲ್ಲಿಂದ 1400389935ನೇ ಸೆಕೆಂಡು. ವಿಂಡೋಸಿನ ಫೈಲ್ ಸಿಸ್ಟಮ್ ಎನ್‌ಟಿಎಫ್‌ಎಸ್ 1601ರ ಜನವರಿ 1ರಿಂದ ಎಣಿಸುತ್ತದೆ. ಅದೂ ಸೆಕೆಂಡಿನಲ್ಲಲ್ಲ, ಒಂದು ಸೆಕೆಂಡನ್ನು ಒಂದು ಕೋಟಿ ಪಾಲು ಮಾಡಿದ ತುಣುಕುಗಳಲ್ಲಿ. ನಮ್ಮ ಈಗಿನ ಕ್ಯಾಲೆಂಡರಿನ ಅಧಿಕ ವರ್ಷಗಳ ಲೆಕ್ಕ 400 ವರ್ಷಕ್ಕೊಮ್ಮೆ ಸುತ್ತು ಹಾಕುತ್ತದೆ, ಅಂಥ ಒಂದು ಸುತ್ತು 1601ಕ್ಕೆ ಶುರು. ಪೆನ್ ಡ್ರೈವುಗಳಲ್ಲಿ ಈಗಲೂ ಸಿಗುವ ಫ್ಯಾಟ್ ಪದ್ಧತಿ 1980ರಿಂದ ಹೊರಡುತ್ತದೆ. ಅದರಲ್ಲಿ ಸೆಕೆಂಡು ಬರೆಯಲು ಇರುವುದು ಐದೇ ಬಿಟ್, ಅಂದರೆ 0 ಅಥವಾ 1 ಮಾತ್ರ ಹಿಡಿಸುವ ಐದು ಮನೆ. ಐದು ಬಿಟ್ಟಿನಲ್ಲಿ 32 ಸಂಖ್ಯೆ ಮಾತ್ರ ಹಿಡಿಸುತ್ತವೆ, ಸೆಕೆಂಡುಗಳು ಅರವತ್ತು. ಹಾಗಾಗಿ ಅದು ಎರಡೆರಡು ಸೆಕೆಂಡಿಗೆ ಒಂದು ಹೆಜ್ಜೆ ಇಡುತ್ತದೆ.

ಇನ್ನು ಪ್ರೋಗ್ರಾಮು ಬರೆಯುವ ಭಾಷೆಗಳ ವಿಷಯ. ಪೈಥಾನ್, ಜಾವಾ, ಪಿಎಚ್‌ಪಿ ಯಾವುದೇ ಇರಲಿ, ಯಾವುದೂ ತಾನೇ ಡಿಸ್ಕಿಗೆ ಹೋಗಿ ತಾರೀಖು ಓದುವುದಿಲ್ಲ. ಎಲ್ಲವೂ ಆಪರೇಟಿಂಗ್ ಸಿಸ್ಟಮನ್ನೇ ಕೇಳುತ್ತವೆ. ಕೇಳುವ ಪ್ರಶ್ನೆ ಒಂದೇ, ಉತ್ತರವನ್ನು ನಮಗೆ ಬಡಿಸುವ ರೀತಿ ಬೇರೆ. ಪೈಥಾನಿನಲ್ಲಿ ಓಎಸ್ ಡಾಟ್ ಸ್ಟ್ಯಾಟ್ ಅಂದರೆ ಸೆಕೆಂಡುಗಳು ದಶಮಾಂಶದ ಸಮೇತ ಬರುತ್ತವೆ. ಪಿಎಚ್‌ಪಿಯ ಫೈಲ್‌ಎಂಟೈಮ್ ಪೂರ್ಣ ಸೆಕೆಂಡು ಮಾತ್ರ ಕೊಡುತ್ತದೆ. ಅದೂ ಒಮ್ಮೆ ಕೇಳಿದ ಉತ್ತರವನ್ನು ನೆನಪಿಟ್ಟುಕೊಂಡು ಮತ್ತೆ ಕೇಳಿದರೆ ಅದನ್ನೇ ಹೇಳಬಹುದು, ಕ್ಲಿಯರ್‌ಸ್ಟ್ಯಾಟ್‌ಕ್ಯಾಶ್ ಅಂತ ಹೇಳಿ ಮರೆಸಬೇಕು. ಜಾವಾದ ಹಳೆಯ ಲಾಸ್ಟ್‌ಮಾಡಿಫೈಡ್ ಕೊಡುವುದು ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ಲೆಕ್ಕ. ಪರ್ಲ್ ಒಂದೇ ಸಾಲಿನಲ್ಲಿ 13 ಸಂಖ್ಯೆ ಕೊಟ್ಟು, ತಾರೀಖು ಎಲ್ಲಿದೆ ನೀವೇ ಹುಡುಕಿ ಅನ್ನುತ್ತದೆ. ಸಿ ಶಾರ್ಪಿನಲ್ಲಿ ಇಲ್ಲದ ಫೈಲಿನ ತಾರೀಖು ಕೇಳಿದರೆ ತಪ್ಪು ಅಂತ ಹೇಳುವುದೇ ಇಲ್ಲ, ಸುಮ್ನೆ 1601ರ ಜನವರಿ 1 ಅನ್ನುತ್ತದೆ. ಅದು ಎನ್‌ಟಿಎಫ್‌ಎಸ್‌ನ ಸೊನ್ನೆ ಅಂತ ಗೊತ್ತಿಲ್ಲದವರಿಗೆ ಈ ಉತ್ತರ ದೊಡ್ಡ ಒಗಟು.

ಸೆಕೆಂಡು, ಮಿಲಿಸೆಕೆಂಡುಗಳ ಗೊಂದಲಕ್ಕೆ ಬೀಳದ ಪ್ರೋಗ್ರಾಮರ್ ಸಿಗುವುದು ಕಷ್ಟ. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್‌ನಲ್ಲಿ ಇದು ಇನ್ನೂ ಹತ್ತಿರದ ಅಪಾಯ. ಅಲ್ಲಿ ತಾರೀಖಿನ ಲೆಕ್ಕ ಮಿಲಿಸೆಕೆಂಡಿನಲ್ಲಿ, ಫೈಲಿಗೆ ತಾರೀಖು ಬರೆಯುವ ಯುಟೈಮ್ಸ್‌ಗೆ ಬರೀ ಸಂಖ್ಯೆ ಕೊಟ್ಟರೆ ಅದನ್ನು ಸೆಕೆಂಡು ಅಂತ ಓದುತ್ತದೆ. ತಾಳಿ ಕಟ್ಟಿದ ಹೊತ್ತನ್ನು ಮಿಲಿಸೆಕೆಂಡಿನಲ್ಲಿ ಬರೆದು ಸೆಕೆಂಡು ಅಂತ ಓದಿದರೆ ಮದುವೆ 46 ಸಾವಿರದ ಆಚೆಯ ಇಸವಿಗೆ ಹೋಗುತ್ತದೆ. ಸೆಕೆಂಡನ್ನು ಮಿಲಿಸೆಕೆಂಡು ಅಂತ ಓದಿದರೆ 1970ರ ಜನವರಿ 17ಕ್ಕೆ ಬರುತ್ತದೆ. ನಿಮ್ಮ ಫೈಲುಗಳೆಲ್ಲ 1970ರ ಜನವರಿಯಲ್ಲಿ ಬಂದು ಕೂತಿದ್ದರೆ ಸಾವಿರದಿಂದ ಗುಣಿಸುವುದನ್ನು ಎಲ್ಲೋ ಮರೆತಿದ್ದೀರಿ.

ಬದಲಾಯಿಸುವುದು ಓದಿದಷ್ಟೇ ಸುಲಭ. ಲಿನಕ್ಸಿನ ಟಚ್ ಕಮಾಂಡಿಗೆ ಬೇಕಾದ ತಾರೀಖು ಹೇಳಿದರೆ ಸಾಕು. ಪೈಥಾನಿನಲ್ಲಿ ಓಎಸ್ ಡಾಟ್ ಯುಟೈಮ್, ಗೋ ಭಾಷೆಯಲ್ಲಿ ಓಎಸ್ ಡಾಟ್ ಸಿಎಚ್‌ಟೈಮ್ಸ್, ಪಿಎಚ್‌ಪಿಯಲ್ಲಿ ಕಮಾಂಡಿನ ಹೆಸರೇ, ಟಚ್. ನಾನು ಹಿಡಿದಿದ್ದು ಪೈಥಾನ್. ಹೆಸರಿನಿಂದ 20140518 ಮತ್ತು 104215 ತೆಗೆದೆ, ಸೆಕೆಂಡಿಗೆ ತಿರುಗಿಸಿದೆ, ಯುಟೈಮ್‌ಗೆ ಕೊಟ್ಟೆ. ಒಂಬತ್ತು ಸಾಲಿನ ಪ್ರೋಗ್ರಾಮು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನಾನೂರು ಫೋಟೋಗಳೂ ಸಾಲಾಗಿ ನಿಂತವು. ವರಪೂಜೆ, ಧಾರೆ, ಊಟ. ಖುಷಿಯಾಯಿತು.

ಆಮೇಲೆ ತಾಳಿಯ ಫೋಟೋದ ಮೇಲೆ ಹೊತ್ತು ನೋಡಿದೆ. ಮಧ್ಯಾಹ್ನ 4 ಗಂಟೆ 12 ನಿಮಿಷ. ಮುಹೂರ್ತ ಇದ್ದಿದ್ದು ಬೆಳಿಗ್ಗೆ!

ಐದೂವರೆ ಗಂಟೆ ಜಾಸ್ತಿ. ಈ ಐದೂವರೆ ಎಲ್ಲೇ ಕಂಡರೂ ಭಾರತದವರಿಗೆ ಥಟ್ಟನೆ ಹೊಳೆಯಬೇಕು. ಫೈಲಿನ ಹೆಸರಿನಲ್ಲಿದ್ದ 10:42 ನಮ್ಮ ಸಮಯ. ನನ್ನ ಪ್ರೋಗ್ರಾಮು ಅದನ್ನು ಯುಟಿಸಿ ಅಂತ ಓದಿತ್ತು. ಪೈಥಾನಿನಲ್ಲಿ ತಾರೀಖನ್ನು ಸೆಕೆಂಡು ಮಾಡುವ ಎರಡು ಫಂಕ್ಷನ್ನುಗಳಿವೆ. ಟೈಮ್ ಡಾಟ್ ಎಂಕೆಟೈಮ್ ಕೊಟ್ಟ ಹೊತ್ತನ್ನು ಆ ಯಂತ್ರದ ಊರಿನ ಸಮಯ ಅಂತ ಹಿಡಿಯುತ್ತದೆ, ಕ್ಯಾಲೆಂಡರ್ ಡಾಟ್ ಟೈಮ್‌ಜಿಎಂ ಯುಟಿಸಿ ಅಂತ ಹಿಡಿಯುತ್ತದೆ. ನಾನು ಎರಡನೆಯದನ್ನು ಬರೆದಿದ್ದೆ. ಒಂದು ಪದ ಬದಲಾಯಿಸಿ ಮತ್ತೆ ಓಡಿಸಿದೆ. 10:42 ಬಂತು. ಎಲ್ಲ ಫೋಟೋಗಳೂ ಒಂದೇ ಅಳತೆಯಲ್ಲಿ ಜರುಗಿದ್ದರಿಂದ ಸಾಲು ಸರಿಯಾಗೇ ಇತ್ತು, ಅದಕ್ಕೇ ತಪ್ಪು ಕಣ್ಣಿಗೆ ಬಿದ್ದಿರಲಿಲ್ಲ. ಮುಹೂರ್ತದ ಹೊತ್ತು ನೆನಪಿಲ್ಲದಿದ್ದರೆ ಅದು ಹಾಗೇ ಉಳಿಯುತ್ತಿತ್ತು.

ಅಂದರೆ ಒಂಬತ್ತು ಸಾಲಿನಲ್ಲಿ ಯಾರು ಬೇಕಾದರೂ ಯಾವ ಫೈಲಿಗೆ ಬೇಕಾದರೂ ಯಾವ ತಾರೀಖು ಬೇಕಾದರೂ ಬರೆಯಬಹುದಾ? ಪೂರ್ತಿ ಹಾಗಲ್ಲ. ತಾಳಿಯ ಫೋಟೋಗೆ, ಫೈಲಿನ ಪಹಣಿ ತೋರಿಸುವ ಸ್ಟ್ಯಾಟ್ ಕಮಾಂಡು ಓಡಿಸಿದೆ. ಎಂ-ಟೈಮ್ 2014ರ ಮೇ 18, ಬೆಳಿಗ್ಗೆ 10:42:15. ಸಿ-ಟೈಮ್ ಮಾತ್ರ ಇವತ್ತಿನದು, ಪ್ರೋಗ್ರಾಮು ಎರಡನೇ ಸಲ ಓಡಿದ ಆ ಕ್ಷಣದ್ದು. ಯುಟೈಮ್ ತೆಗೆದುಕೊಳ್ಳುವುದು ಎರಡೇ ಹೊತ್ತು, ಎ ಮತ್ತು ಎಂ. ಮೂರನೆಯದಕ್ಕೆ ಅಲ್ಲಿ ಜಾಗವೇ ಇಲ್ಲ. ಪಹಣಿ ತಿದ್ದಿದ್ದೀರಿ, ತಿದ್ದಿದ ಹೊತ್ತು ಇದು ಅಂತ ಸಿಸ್ಟಮ್ ತಾನೇ ಬರೆದುಕೊಳ್ಳುತ್ತದೆ. ಯಂತ್ರದ ಗಡಿಯಾರವನ್ನೇ ಹಿಂದೆ ತಿರುಗಿಸಿ ಅಥವಾ ಡಿಸ್ಕಿಗೆ ನೇರವಾಗಿ ಕೈ ಹಾಕಿ ಅದನ್ನೂ ಬದಲಾಯಿಸುವವರು ಇದ್ದಾರೆ. ಆದರೆ ಅದಕ್ಕೆ ಯಂತ್ರದ ಮೇಲೆ ಪೂರ್ತಿ ಅಧಿಕಾರ ಬೇಕು. ನನಗೆ ಈ ಏರ್ಪಾಡು ತುಂಬಾ ಹಿಡಿಸಿತು. ಬದಲಾಯಿಸಬೇಡ ಅಂತ ಅದು ಹೇಳುವುದಿಲ್ಲ, ಬದಲಾಯಿಸಿದ್ದನ್ನು ಮಾತ್ರ ಮರೆಯುವುದಿಲ್ಲ.

ಸಿ-ಟೈಮ್ ಅನ್ನುವ ಹೆಸರಿನಿಂದ ಇನ್ನೊಂದು ಎಡವಟ್ಟೂ ಹುಟ್ಟಿದೆ. ಪೈಥಾನಿನಲ್ಲಿ ಗೆಟ್‌ಸಿಟೈಮ್ ಅಂತ ಕೇಳಿದರೆ ಲಿನಕ್ಸಿನಲ್ಲಿ ಪಹಣಿ ಬದಲಾದ ಹೊತ್ತು ಸಿಗುತ್ತದೆ, ವಿಂಡೋಸಿನಲ್ಲಿ ಫೈಲು ಹುಟ್ಟಿದ ಹೊತ್ತು. ಒಂದೇ ಸಾಲು, ಎರಡು ಯಂತ್ರ, ಎರಡು ಅರ್ಥ. ಹುಟ್ಟಿದ ಹೊತ್ತನ್ನು ಬರ್ತ್‌ಟೈಮ್ ಅನ್ನುವ ಬೇರೆ ಹೆಸರಿನಲ್ಲೇ ಕೇಳಿ ಅಂತ ವಿಂಡೋಸ್ ಬಳಸುವವರಿಗೆ ಪೈಥಾನ್ 3.12 ಹೇಳಿತು.

ತಪ್ಪು ಮುಚ್ಚಿಡಲು ಫೈಲಿನ ತಾರೀಖು ತಿದ್ದುವುದಕ್ಕೆ ಸೈಬರ್ ಭದ್ರತೆಯವರು ಟೈಮ್‌ಸ್ಟಾಂಪಿಂಗ್ ಅನ್ನುತ್ತಾರೆ. ಮುದ್ರೆ ಒತ್ತುವ ಸ್ಟ್ಯಾಂಪ್ ಅಲ್ಲ ಇದು, ಇಲ್ಲಿ ಸ್ಟಾಂಪ್ ಅಂದರೆ ಕಾಲಿನಿಂದ ತುಳಿಯುವುದು. ಎನ್‌ಟಿಎಫ್‌ಎಸ್ ತಾರೀಖುಗಳನ್ನು ಎರಡು ಕಡೆ ಬರೆದಿಡುತ್ತದೆ. ಸಾಮಾನ್ಯ ಪ್ರೋಗ್ರಾಮುಗಳು ತಿದ್ದುವುದು ಒಂದನ್ನು ಮಾತ್ರ. ಹೆಸರಿನ ದಾಖಲೆಯ ಜೊತೆ ಇರುವ ಇನ್ನೊಂದು ಸೆಟ್ಟು ಅವುಗಳ ಕೈಗೆ ಸಿಗುವುದಿಲ್ಲ. ತನಿಖೆ ಮಾಡುವವರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಸೆಕೆಂಡಿನ ತುಣುಕುಗಳ ಜಾಗದಲ್ಲಿ ಬರೀ ಸೊನ್ನೆಗಳಿದ್ದರೂ ಅನುಮಾನ ಬರುತ್ತದೆ. ನಿಜವಾದ ಬರವಣಿಗೆ ಅಷ್ಟು ಕರಾರುವಾಕ್ಕಾಗಿ ಸೆಕೆಂಡಿನ ಅಂಚಿಗೆ ಬೀಳುವುದು ಅಪರೂಪ. ನನ್ನ ಮದುವೆ ಫೋಟೋಗಳಲ್ಲೂ ಈಗ ಹಾಗೇ ಸೊನ್ನೆಗಳ ಸಾಲಿದೆ, ಹೆಸರಿನಲ್ಲಿ ತುಣುಕು ಇರಲಿಲ್ಲವಲ್ಲ.

ಕೋರ್ಟಿನ ವಿಷಯಕ್ಕೂ ಇದು ಬರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಡಿಜಿಟಲ್ ದಾಖಲೆಯ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಅದರ ಹ್ಯಾಶ್ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಒಳಗಿನ ವಿಷಯದಿಂದ ಲೆಕ್ಕ ಹಾಕಿದ ಬೆರಳಚ್ಚು. ಒಂದು ಅಕ್ಷರ ಬದಲಾದರೂ ಹ್ಯಾಶ್ ಬದಲಾಗುತ್ತದೆ. ಆದರೆ ತಾಳಿಯ ಫೋಟೋದ ಹ್ಯಾಶ್ ಮೊದಲೂ ನೋಡಿದ್ದೆ, ತಾರೀಖು ತಿದ್ದಿದ ಮೇಲೂ ನೋಡಿದೆ. ಎರಡೂ ಒಂದೇ. ತಾರೀಖು ಫೈಲಿನ ಒಳಗೆ ಇಲ್ಲ ಅನ್ನುವುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಡ. ಹ್ಯಾಶ್ ಸರಿಯಿದ್ದ ಮಾತ್ರಕ್ಕೆ ತಾರೀಖು ಸರಿ ಅಂತ ಆಗುವುದಿಲ್ಲ.

ಇಷ್ಟು ಸುಲಭವಾಗಿ ಬದಲಾಗುವ ತಾರೀಖನ್ನು ನಂಬಿ ದೊಡ್ಡ ಕೆಲಸಗಳೂ ನಡೆಯುತ್ತವೆ. ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾ ಸಂಸ್ಥೆಯಲ್ಲಿ ಸ್ಟೀವ್ ಜಾನ್ಸನ್ ಒಮ್ಮೆ ಬೆಳಗಿನ ಹೊತ್ತನ್ನೆಲ್ಲ ಒಂದು ದೋಷ ಹುಡುಕುವುದರಲ್ಲಿ ಕಳೆದರು. ದೋಷ ಆಗಲೇ ಸರಿಯಾಗಿತ್ತು, ತಿದ್ದಿದ ಫೈಲನ್ನು ಕಂಪೈಲ್ ಮಾಡಿರಲಿಲ್ಲ, ಅಂದರೆ ಯಂತ್ರದ ಭಾಷೆಗೆ ತಿರುಗಿಸಿರಲಿಲ್ಲ ಅಷ್ಟೇ. ಅವರು ರೇಗಿಕೊಂಡು ಬಂದು ಹೇಳಿದ್ದನ್ನು ಕೇಳಿ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಮೇಕ್ ಅನ್ನುವ ಪ್ರೋಗ್ರಾಮು ಬರೆದರು. ಅದರ ಒಳಗುಟ್ಟು ಎಂ-ಟೈಮ್. ಮೂಲ ಫೈಲು ಅದರಿಂದ ತಯಾರಾದ ಫೈಲಿಗಿಂತ ಹೊಸದಾಗಿದ್ದರೆ ಮತ್ತೆ ತಯಾರಿಸು. ಅಷ್ಟೇ ನಿಯಮ, ಇವತ್ತಿಗೂ ನಡೆಯುತ್ತಿದೆ.

ಫೋಟೋಗಳನ್ನು ಅಕ್ಕನಿಗೆ ಪೆನ್ ಡ್ರೈವಿನಲ್ಲಿ ಹಾಕಿ ಕೊಟ್ಟೆ. ಈ ಸಲ ತಾರೀಖು ಉಳಿಸು ಅಂತ ಹೇಳಿಯೇ ಕಾಪಿ ಮಾಡಿದೆ. ಪೆನ್ ಡ್ರೈವಿನಲ್ಲಿದ್ದಿದ್ದು ಫ್ಯಾಟ್. ಹೊರಡುವ ಮುಂಚೆ ತಾಳಿಯ ಫೋಟೋ ಒಂದು ಸಲ ತೆರೆದು ನೋಡಿದೆ. 2014ರ ಮೇ 18, ಬೆಳಿಗ್ಗೆ 10 ಗಂಟೆ 42 ನಿಮಿಷ, 14 ಸೆಕೆಂಡು.